ಎಲೆಕ್ಟ್ರಿಕ್ ಗಾಲಿಕುರ್ಚಿ ಮಳೆಯಲ್ಲಿ ನೆನೆದರೆ ಏನಾಗುತ್ತದೆ? ಅದನ್ನು ರೂಪಿಸಿದ ಜಾರ್ಜ್ ಕ್ಲೈನ್ ಬದುಕಿನೊಂದಿಗೆ ತಿಳಿಯೋಣ

ಶಿವಮೊಗ್ಗದಿಂದ ಸಾಗರದ ರಸ್ತೆ ಹಿಡಿದು ಹೊರಟರೆ, ಆಯನೂರು ದಾಟುತ್ತಿದ್ದಂತೆ ಬಯಲಿನ ಹೊಲಗಳು ಹಿಂದೆ ಸರಿದು ಮಲೆನಾಡಿನ ಕಾಡು ಹತ್ತಿರವಾಗುತ್ತದೆ. ಮುಂಗಾರು ಹಿಡಿಯಿತೆಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಂಪು ಮಣ್ಣಿನ ರಾಡಿ, ಒಣಗದ ಬಟ್ಟೆ, ಹೋಗಿ ಬರುವ ಕರೆಂಟು. ಕಾಲು ಗಟ್ಟಿ ಇರುವವರು ಕೊಡೆ ಬಿಡಿಸಿಕೊಂಡು ಹೇಗೋ ಪೇಟೆಗೆ ಹೋಗಿ ಬರುತ್ತಾರೆ. ಬ್ಯಾಟರಿ ಗಾಲಿಕುರ್ಚಿಯನ್ನೇ ಕಾಲು ಮಾಡಿಕೊಂಡವರು ಏನು ಮಾಡಬೇಕು? ನ್ಯಾಯಬೆಲೆ ಅಂಗಡಿ, ಆಸ್ಪತ್ರೆ, ಕಾಲೇಜು, ಬ್ಯಾಂಕು ಯಾವುದೂ ಮಳೆ ನಿಲ್ಲಲಿ ಎಂದು ಕಾಯುವುದಿಲ್ಲ.

ಈ ವಿಷಯಕ್ಕೆ ಮೊಬೈಲ್‌ನಲ್ಲಿ ಎರಡು ಬಗೆಯ ಸಲಹೆ ಓಡಾಡುತ್ತವೆ. ಮೊದಲನೆಯದು, ಕುರ್ಚಿಗೆ ಒಂದು ಹನಿ ನೀರು ಬಿದ್ದರೂ ಕೂತವರಿಗೆ ಶಾಕ್ ಹೊಡೆಯುತ್ತದೆ, ಮಳೆಗಾಲದಲ್ಲಿ ಹೊರಗೆ ತರಲೇಬೇಡಿ ಎನ್ನುವುದು. ಎರಡನೆಯದು, ಏನೂ ಆಗುವುದಿಲ್ಲ, ಒಂದು ಪ್ಲಾಸ್ಟಿಕ್ ಹಾಳೆ ಸುತ್ತಿ, ನೆನೆದರೆ ಅಕ್ಕಿಯಲ್ಲಿ ಇಡಿ ಎನ್ನುವುದು. ಎರಡೂ ತಪ್ಪು. ಮೊದಲನೆಯದನ್ನು ನಂಬಿದರೆ ಒಬ್ಬ ಮನುಷ್ಯ ನಾಲ್ಕು ತಿಂಗಳು ಮನೆಯೊಳಗೇ ಉಳಿಯುತ್ತಾನೆ. ಎರಡನೆಯದನ್ನು ನಂಬಿದರೆ ಕುರ್ಚಿಯೇ ಕೆಡುತ್ತದೆ.

ಸರಿಯಾದ ಉತ್ತರ ಬೇಕೆಂದರೆ ಕುರ್ಚಿಯೊಳಗೆ ಏನಿದೆ ಎಂದು ತಿಳಿಯಬೇಕು. ಅದಕ್ಕೆ ಒಳ್ಳೆಯ ದಾರಿ, ಆ ಕುರ್ಚಿಯನ್ನು ರೂಪಿಸಿದವರ ಬದುಕನ್ನು ತಿಳಿಯುವುದು. ಅವರು ಮಳೆಯ ನಾಡಿನವರಲ್ಲ, ಹಿಮದ ನಾಡಿನವರು. ಹೆಸರು ಜಾರ್ಜ್ ಕ್ಲೈನ್.

ಹಾಕಿಂಗ್ ಅಲ್ಲ, ಕ್ಲೈನ್

ಎಲೆಕ್ಟ್ರಿಕ್ ಗಾಲಿಕುರ್ಚಿ ಎಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ವಿಜ್ಞಾನಿ ಸ್ಟೀಫನ್ ಹಾಕಿಂಗ್. ಆದರೆ ಕುರ್ಚಿಗೂ ಅವರಿಗೂ ಇದ್ದ ನಂಟು ಬಳಕೆದಾರನ ನಂಟು ಮಾತ್ರ. 1963ರಲ್ಲಿ ಹಾಕಿಂಗ್ ಅವರ ಕಾಯಿಲೆ ಪತ್ತೆಯಾಗುವ ಹೊತ್ತಿಗೆ ಕ್ಲೈನ್ ಕುರ್ಚಿ ಸಿದ್ಧವಾಗಿ ಆಗಲೇ ಎಂಟು ವರ್ಷ ದಾಟಿತ್ತು.

ಕ್ಲೈನ್ ಹುಟ್ಟಿದ್ದು 1904ರ ಆಗಸ್ಟ್ 15ರಂದು, ಕೆನಡಾದ ಒಂಟಾರಿಯೊ ಪ್ರಾಂತ್ಯದ ಹ್ಯಾಮಿಲ್ಟನ್ ನಗರದಲ್ಲಿ. ಟೊರೊಂಟೊ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಓದಿ, 1929ರಲ್ಲಿ ಒಟ್ಟಾವಾದ ರಾಷ್ಟ್ರೀಯ ಸಂಶೋಧನಾ ಮಂಡಳಿಗೆ ಸೇರಿದರು. ಅದು ಕೆನಡಾ ಸರ್ಕಾರದ ಸಂಶೋಧನಾ ಸಂಸ್ಥೆ. ಅಲ್ಲಿಯೇ ಸುಮಾರು 40 ವರ್ಷ ದುಡಿದು 1969ರಲ್ಲಿ ನಿವೃತ್ತರಾದರು. ಸ್ವಂತ ಕಂಪನಿ ಕಟ್ಟಲಿಲ್ಲ, ಜಾಹೀರಾತಿನಲ್ಲಿ ಕಾಣಿಸಿಕೊಳ್ಳಲಿಲ್ಲ. ತಿಂಗಳ ಸಂಬಳದ ಸರ್ಕಾರಿ ಎಂಜಿನಿಯರ್ ಆಗಿಯೇ ಉಳಿದರು. ಆದರೂ 20ನೇ ಶತಮಾನದಲ್ಲಿ ಕೆನಡಾ ಕಂಡ ಅತ್ಯಂತ ಫಲವತ್ತಾದ ಆವಿಷ್ಕಾರಕ ಎಂದು ಅವರನ್ನು ಇಂದಿಗೂ ಅಲ್ಲಿನವರು ಗುರುತಿಸುತ್ತಾರೆ.

ಹಿಮ ಎಂದರೆ ಎಷ್ಟು ಬಗೆ?

ಮಂಡಳಿಯಲ್ಲಿ ಕ್ಲೈನ್ ಮೊದಲು ಕೈಹಾಕಿದ್ದು ವಿಮಾನದ ಕೆಲಸಕ್ಕೆ. ಗಾಳಿಯ ಒತ್ತಡವನ್ನು ಪರೀಕ್ಷಿಸುವ ಗಾಳಿ ಸುರಂಗ ಕಟ್ಟುವುದರಲ್ಲಿ ಅವರ ಪಾಲಿತ್ತು. ಆಮೇಲೆ ಬಂದದ್ದು ಹಿಮದ ಸಮಸ್ಯೆ.

ಕೆನಡಾದ ಉತ್ತರ ಭಾಗದಲ್ಲಿ ಚಳಿಗಾಲವೆಂದರೆ ಎಲ್ಲೆಲ್ಲೂ ಹಿಮ. ಅಲ್ಲಿ ಸಣ್ಣ ವಿಮಾನಗಳಿಗೆ ಚಕ್ರದ ಬದಲು ಜಾರುಹಲಗೆಯಂಥ ಸ್ಕೀ ಜೋಡಿಸುತ್ತಾರೆ. ಒಂದು ದಿನ ಅದೇ ಸ್ಕೀ ಸರಾಗವಾಗಿ ಜಾರುತ್ತದೆ, ಇನ್ನೊಂದು ದಿನ ಹಿಮಕ್ಕೆ ಅಂಟಿ ವಿಮಾನ ಕದಲುವುದೇ ಇಲ್ಲ. ಏಕೆ?

ಕ್ಲೈನ್ ಊಹೆಗೆ ಹೋಗದೆ ಅಳೆಯಲು ಹೊರಟರು. ಹಿಮದ ಸಾಂದ್ರತೆ ಎಷ್ಟು, ಗಡಸು ಎಷ್ಟು, ಹರಳಿನ ಗಾತ್ರ ಎಷ್ಟು, ಉಷ್ಣಾಂಶ ಎಷ್ಟು, ಅದರೊಳಗೆ ದ್ರವರೂಪದ ನೀರು ಎಷ್ಟು ಎಂದು ಒಂದೊಂದನ್ನೂ ನೋಡಿದರು. ಹೊರಗೆ ಹಿಮದಲ್ಲೇ ನಿಂತು ಅಳೆಯಲು ಬೇಕಾದ ಸಲಕರಣೆಗಳನ್ನೂ ರೂಪಿಸಿದರು. ಕಣ್ಣಿಗೆ ಒಂದೇ ಬಿಳಿಯಾಗಿ ಕಾಣುವ ಹಿಮದಲ್ಲಿ ಒಣ ಹಿಮ ಬೇರೆ, ತೇವದ ಹಿಮ ಬೇರೆ, ಒದ್ದೆ ಹಿಮ ಬೇರೆ, ರಾಡಿಯಾದ ಹಿಮ ಬೇರೆ. ಒಂದರಲ್ಲಿ ಓಡುವ ಸ್ಕೀ ಮತ್ತೊಂದರಲ್ಲಿ ಸಿಕ್ಕಿಬೀಳುತ್ತದೆ. ಹಿಮವನ್ನು ಹೀಗೆ ವಿಂಗಡಿಸುವ ಅವರ ಕ್ರಮವೇ 1954ರಲ್ಲಿ ಬಂದ ಅಂತರರಾಷ್ಟ್ರೀಯ ಹಿಮ ವರ್ಗೀಕರಣಕ್ಕೆ ತಳಹದಿಯಾಯಿತು.

ಹಿಮವನ್ನು ಬಗೆಬಗೆಯಾಗಿ ವಿಂಗಡಿಸಿದ ಈ ಕ್ರಮವನ್ನು ನೆನಪಿಟ್ಟುಕೊಳ್ಳಿ. ನಮ್ಮ ಮಲೆನಾಡಿನ ಮಳೆಗೂ, ಬ್ಯಾಟರಿ ಕುರ್ಚಿಗೂ ನಾವು ಇದನ್ನೇ ಬಳಸಲಿದ್ದೇವೆ.

ಎರಡನೇ ಮಹಾಯುದ್ಧ ಬಂದಾಗ ಕ್ಲೈನ್ ಸೇನೆಯ ಹಿಮವಾಹನದ ಕೆಲಸಕ್ಕೆ ಹೋದರು. ಬಳಿಕ ಅಣುಶಕ್ತಿಯ ಕೆಲಸ. ಕೆನಡಾದ ಚಾಕ್ ರಿವರ್‌ನಲ್ಲಿ ಕಟ್ಟಿದ ಝೀಪ್ ಎಂಬ ಪುಟ್ಟ ಪರಮಾಣು ಸ್ಥಾವರದ ಯಾಂತ್ರಿಕ ವಿನ್ಯಾಸದ ಹೊಣೆ ಅವರದಾಗಿತ್ತು. 1945ರ ಸೆಪ್ಟೆಂಬರ್ 5ರಂದು ಅದು ಚಾಲನೆಗೆ ಬಂತು. ಅಮೆರಿಕದ ಹೊರಗೆ ಕೆಲಸ ಶುರುಮಾಡಿದ ಮೊದಲ ಪರಮಾಣು ಸ್ಥಾವರ ಅದು.

ಬದುಕುಳಿದವರು ಕೂರಲು ಏನಿತ್ತು?

ಅದೇ ಯುದ್ಧ ಇನ್ನೊಂದು ಹೊಸ ಸಮಸ್ಯೆಯನ್ನು ತಂದಿತ್ತು. ಅದಕ್ಕೂ ಮುಂಚೆ ಬೆನ್ನುಹುರಿಗೆ ಪೆಟ್ಟಾದ ಸೈನಿಕರಲ್ಲಿ ಬಹುಪಾಲು ಜನ ಸೋಂಕಿನಿಂದ ಬೇಗನೆ ಸಾಯುತ್ತಿದ್ದರು. ಪೆನಿಸಿಲಿನ್‌ನಂಥ ಔಷಧಿ ಬಂದ ಮೇಲೆ ಅವರು ಬದುಕತೊಡಗಿದರು. ಬದುಕಿದವರು ಮನೆಗೆ ಹೋಗಬೇಕು, ಕೆಲಸ ಮಾಡಬೇಕು, ಮದುವೆಯಾಗಬೇಕು. ಆದರೆ ಆಸ್ಪತ್ರೆಗಳಲ್ಲಿ ಸಿಗುತ್ತಿದ್ದದ್ದು ಭಾರವಾದ ಮರದ ಕುರ್ಚಿ, ಹಿಂದಿನಿಂದ ಯಾರಾದರೂ ತಳ್ಳಿದರೆ ಮಾತ್ರ ಮುಂದೆ ಹೋಗುವಂಥದ್ದು.

ಈ ಸ್ಥಿತಿ ಬದಲಾಗಲು ಹೋರಾಡಿದವರಲ್ಲಿ ಜಾನ್ ಕೌನ್ಸೆಲ್ ಮುಖ್ಯರು. ಅವರೂ ಹ್ಯಾಮಿಲ್ಟನ್‌ನವರೇ. 1942ರ ಆಗಸ್ಟ್‌ನಲ್ಲಿ ಫ್ರಾನ್ಸ್‌ನ ಡಿಯೆಪ್ ಕಡಲತೀರದ ಕಾಳಗದಲ್ಲಿ ಗಾಯಗೊಂಡು ಸೊಂಟದ ಕೆಳಗೆ ಬಲ ಕಳೆದುಕೊಂಡರು. ಅಮೆರಿಕದಲ್ಲಿ ಹರ್ಬರ್ಟ್ ಎವರೆಸ್ಟ್, ಹ್ಯಾರಿ ಜೆನ್ನಿಂಗ್ಸ್ ಎಂಬ ಇಬ್ಬರು ಎಂಜಿನಿಯರ್‌ಗಳು 1930ರ ದಶಕದಲ್ಲೇ ಹಗುರವಾದ ಮಡಚುವ ಗಾಲಿಕುರ್ಚಿ ಮಾಡಿದ್ದರು. ಅಂಥ ಕುರ್ಚಿಗಳು ಕೆನಡಾದ ಮಾಜಿ ಸೈನಿಕರಿಗೂ ಸಿಗಬೇಕೆಂದು ಕೌನ್ಸೆಲ್ ಸರ್ಕಾರದ ಬೆನ್ನುಬಿದ್ದರು. 1945ರಲ್ಲಿ ಜೊತೆಗಾರರೊಂದಿಗೆ ಕೆನಡಾದ ಪ್ಯಾರಾಪ್ಲೀಜಿಕ್ ಸಂಘ ಕಟ್ಟಿದರು.

ಮಡಚುವ ಕುರ್ಚಿ ಬಂದಿತು. ಆದರೆ ಅದನ್ನು ಓಡಿಸಲು ಕೈಯಲ್ಲಿ ಬಲ ಬೇಕು. ಕುತ್ತಿಗೆಯ ಬಳಿ ಪೆಟ್ಟಾಗಿ ಕೈ, ಕಾಲು ಎರಡೂ ಸೋತವರು ಮೊದಲಿನಂತೆಯೇ ಬೇರೆಯವರ ಕೈ ಕಾಯುತ್ತ ಕೂತಿದ್ದರು. ಇವರಿಗಾಗಿ ಏನಾದರೂ ಮಾಡಬೇಕೆಂಬ ಬೇಡಿಕೆ ಮಂಡಳಿಗೆ ಬಂತು. ಕೆಲಸ ಕ್ಲೈನ್ ಮೇಜಿನ ಮೇಲೆ ಬಿತ್ತು.

ಕುರ್ಚಿಗೆ ಮೋಟಾರ್ ಜೋಡಿಸುವ ಪ್ರಯತ್ನ ಆಗ ಹೊಸದೇನಲ್ಲ. 20ನೇ ಶತಮಾನದ ಆರಂಭದಿಂದಲೂ ಅಲ್ಲಲ್ಲಿ ನಡೆದಿತ್ತು. ಆದರೆ ಮಾಮೂಲಿ ಕುರ್ಚಿಗೆ ಒಂದು ಮೋಟಾರ್ ಸಿಕ್ಕಿಸಿದರೆ ಅದು ಮುಂದೆ ಹೋಗುತ್ತದೆಯೇ ಹೊರತು ಮನೆಯೊಳಗಿನ ಇಕ್ಕಟ್ಟಿನಲ್ಲಿ ತಿರುಗುವುದಿಲ್ಲ. ನಿಯಂತ್ರಿಸಲು ಮತ್ತೆ ಬಲವಾದ ಕೈ ಬೇಕು. 1950ರ ದಶಕದ ಮೊದಲ ವರ್ಷಗಳಲ್ಲಿ ಕ್ಲೈನ್ ಮತ್ತು ತಂಡದವರು ಆಸ್ಪತ್ರೆಯ ವೈದ್ಯರೊಂದಿಗೆ, ಮಾಜಿ ಸೈನಿಕರೊಂದಿಗೆ ಸೇರಿ ಕುರ್ಚಿಯನ್ನು ಬುಡದಿಂದ ಹೊಸದಾಗಿ ಯೋಚಿಸಿದರು. ಅವರ ಕುರ್ಚಿಯಲ್ಲಿ ಎರಡು ಅಂಶ ಮುಖ್ಯವಾಗಿದ್ದವು.

ಮೊದಲನೆಯದು, ಎಡ ಬಲ ಚಕ್ರಗಳಿಗೆ ಬೇರೆ ಬೇರೆ ಚಾಲನೆ. ಎರಡೂ ಸಮನಾಗಿ ತಿರುಗಿದರೆ ಕುರ್ಚಿ ನೇರ ಹೋಗುತ್ತದೆ. ಒಂದು ಮುಂದಕ್ಕೆ, ಇನ್ನೊಂದು ಹಿಂದಕ್ಕೆ ತಿರುಗಿದರೆ ನಿಂತಲ್ಲೇ ಗಿರ್ರನೆ ತಿರುಗುತ್ತದೆ. ಸಣ್ಣ ಅಡುಗೆಮನೆಯಲ್ಲೂ ಓಡಾಡಲು ಸಾಧ್ಯವಾಗುವುದು ಇದರಿಂದ.

ಎರಡನೆಯದು, ಜಾಯ್‌ಸ್ಟಿಕ್. ಒಂದು ಪುಟ್ಟ ಕೋಲನ್ನು ಬೇಕಾದ ದಿಕ್ಕಿಗೆ ಮೆಲ್ಲನೆ ವಾಲಿಸಿದರೆ ಸಾಕು. ಬೆರಳಿನಲ್ಲಿ ಉಳಿದ ಅಲ್ಪ ಬಲವೇ ಇಡೀ ಕುರ್ಚಿಯನ್ನು ಓಡಿಸುತ್ತದೆ.

ಇಂದು ಜಗತ್ತಿನ ಯಾವ ಮೂಲೆಯ ಎಲೆಕ್ಟ್ರಿಕ್ ಗಾಲಿಕುರ್ಚಿ ನೋಡಿದರೂ ಬಹುಪಾಲು ಇದೇ ವಿನ್ಯಾಸ. ಮಳೆ ಬಂದಾಗ ನಾವು ಕಾಪಾಡಬೇಕಾದದ್ದೂ ಮುಖ್ಯವಾಗಿ ಇದೇ ಭಾಗಗಳನ್ನು.

ಬೇರೆಯವರಿಗೆ ಕೊಟ್ಟ ಕುರ್ಚಿ

ಆಗ ಕೆನಡಾದಲ್ಲಿ ಇದನ್ನು ದೊಡ್ಡ ಸಂಖ್ಯೆಯಲ್ಲಿ ತಯಾರಿಸುವ ಕಾರ್ಖಾನೆ ಇರಲಿಲ್ಲ. ಹಾಗೆಂದು ವಿನ್ಯಾಸವನ್ನು ಬೀರುವಿನಲ್ಲಿ ಇಟ್ಟು ಬೀಗ ಹಾಕಲಿಲ್ಲ. ಹೊರದೇಶದ ತಯಾರಕರಿಗೂ ತಲುಪುವಂತೆ ಮಾಡಿದರು. 1955ರಲ್ಲಿ ಒಂದು ಮಾದರಿ ಕುರ್ಚಿಯನ್ನು ಅಮೆರಿಕದ ಮಾಜಿ ಸೈನಿಕರ ಇಲಾಖೆಗೆ ಕೊಡಲಾಯಿತು. 1956ರಲ್ಲಿ ಅದೇ ಎವರೆಸ್ಟ್ ಮತ್ತು ಜೆನ್ನಿಂಗ್ಸ್ ಕಂಪನಿ ಎಲೆಕ್ಟ್ರಿಕ್ ಗಾಲಿಕುರ್ಚಿಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿತು. ಆ ಮಾದರಿ ಕುರ್ಚಿ ಅರ್ಧ ಶತಮಾನ ಅಮೆರಿಕದಲ್ಲಿದ್ದು, 2005ರಲ್ಲಿ ಕೆನಡಾಕ್ಕೆ ಮರಳಿತು.

ಕುರ್ಚಿಯ ಆಮೇಲೆಯೂ ಕ್ಲೈನ್ ಸುಮ್ಮನೆ ಕೂರಲಿಲ್ಲ. ಕತ್ತರಿಸಿದ ರಕ್ತನಾಳಗಳನ್ನು ಜೋಡಿಸುವ ಪುಟ್ಟ ಪಿನ್ನು ಯಂತ್ರದ ಕೆಲಸದಲ್ಲಿ ವೈದ್ಯರ ಜೊತೆಯಾದರು. ದರ್ಜಿಯ ಟೇಪಿನ ಹಾಗೆ ಸುತ್ತಿಟ್ಟು, ಬೇಕೆಂದಾಗ ಉದ್ದನೆಯ ಕೊಳವೆಯಾಗಿ ಬಿಚ್ಚಿಕೊಳ್ಳುವ ಲೋಹದ ಆಂಟೆನಾ ಅವರ ಇನ್ನೊಂದು ಕಲ್ಪನೆ. 1962ರಲ್ಲಿ ಹಾರಿದ ಕೆನಡಾದ ಮೊದಲ ಉಪಗ್ರಹ ಅಲುವೆಟ್‌ನಲ್ಲಿ ಅದನ್ನು ಬಳಸಲಾಯಿತು. 1968ರಲ್ಲಿ ಅವರಿಗೆ ಆರ್ಡರ್ ಆಫ್ ಕೆನಡಾ ಗೌರವ ಬಂತು. ನಿವೃತ್ತಿಯಾಗಿ ಏಳು ವರ್ಷದ ಮೇಲೆ, 1976ರಲ್ಲಿ, ಬಾಹ್ಯಾಕಾಶ ನೌಕೆಯ ಯಂತ್ರಗೈ ಕೆನಡಾರ್ಮ್‌ನ ಹಲ್ಲುಚಕ್ರಗಳಿಗೆ ಸಲಹೆ ಬೇಕಾದಾಗ ಕರೆ ಹೋದದ್ದು 70 ದಾಟಿದ್ದ ಇದೇ ಕ್ಲೈನ್‌ಗೆ. 1992ರ ನವೆಂಬರ್ 4ರಂದು ಒಟ್ಟಾವಾದಲ್ಲಿ ಅವರು ತೀರಿಕೊಂಡರು.

ಈಗ ಅವರ ಹಿಮದ ಪಾಠವನ್ನು ಎತ್ತಿಕೊಂಡು ನಮ್ಮ ಮಳೆಗೆ ಬರೋಣ.

ನೀರು ಎಂದರೂ ಒಂದೇ ಬಗೆಯಲ್ಲ

ಶಿವಮೊಗ್ಗ ಜಿಲ್ಲೆಯೊಳಗೇ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ, ಶಿವಮೊಗ್ಗ ನಗರದಲ್ಲಿ ಅದರ ಸಣ್ಣ ಪಾಲು. ಆದರೆ ಕುರ್ಚಿಗೆ ಮುಖ್ಯವಾದದ್ದು ಎಷ್ಟು ಮಿಲಿಮೀಟರ್ ಎಂಬುದಲ್ಲ, ನೀರು ಎಲ್ಲಿಂದ ಬರುತ್ತದೆ ಎಂಬುದು. ನಾವು ಇದನ್ನು ಐದು ಬಗೆಯಾಗಿ ನೋಡಬಹುದು.

1. ಮೇಲಿನಿಂದ ಬೀಳುವ ಮಳೆ. ಇದು ಮೊದಲು ತಾಗುವುದು ಜಾಯ್‌ಸ್ಟಿಕ್‌ಗೆ. ಕೋಲಿನ ಬುಡದಲ್ಲಿ ರಬ್ಬರಿನ ಒಂದು ಮಡಿಕೆ ಇರುತ್ತದೆ. ಅದೇ ಜಾಯ್‌ಸ್ಟಿಕ್‌ನ ಮಾಡು. ವರ್ಷಗಳು ಕಳೆದಂತೆ ಅದರಲ್ಲಿ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ, ಹನಿ ಒಳಗಿಳಿಯುತ್ತದೆ. ಮಳೆಗಾಲಕ್ಕೆ ಮುಂಚೆ ನೋಡಬೇಕಾದ ಮೊದಲ ಜಾಗ ಇದು. ಬಿರುಕಿದ್ದರೆ ಆ ರಬ್ಬರ್ ಬದಲಿಸಿ. ಇಡೀ ಜಾಯ್‌ಸ್ಟಿಕ್ ಬದಲಿಸುವುದಕ್ಕಿಂತ ಅದು ಎಷ್ಟೋ ಅಗ್ಗ.

2. ಪಕ್ಕದಿಂದ ಎರಚುವ ನೀರು. ಹೆದ್ದಾರಿ ಬದಿಯಲ್ಲಿ ಲಾರಿ ಹೋದಾಗ ಎರಚುವ ರಾಡಿ ಈ ಬಗೆಯದು. ಇದು ಕನೆಕ್ಟರ್‌ಗಳ ಸಂದಿಗೆ, ಚಾರ್ಜಿಂಗ್ ರಂಧ್ರಕ್ಕೆ ನುಗ್ಗುತ್ತದೆ. ಚಾರ್ಜಿಂಗ್ ರಂಧ್ರದ ಮುಚ್ಚಳ ಕಳೆದುಹೋಗಿದ್ದರೆ ಇವತ್ತೇ ಹೊಸದು ಹಾಕಿಸಿ.

3. ಕೆಳಗಿನಿಂದ ಏರುವ ನೀರು. ಮೋಟಾರ್‌ಗಳು ಇರುವುದು ಚಕ್ರಗಳ ಪಕ್ಕದಲ್ಲಿ, ಅಂದರೆ ನೆಲಕ್ಕೆ ಹತ್ತಿರ. ಬ್ಯಾಟರಿಯೂ ಸೀಟಿನ ಕೆಳಗೆ. ಮೇಲೆ ಎಷ್ಟೇ ಒಳ್ಳೆಯ ಹೊದಿಕೆ ಇದ್ದರೂ ಹೊಂಡದ ನೀರಿಗೆ ಇಳಿದರೆ ಅದರಿಂದ ಉಪಯೋಗವಿಲ್ಲ. ತಳ ಕಾಣದ ನೀರಿಗೆ ಕುರ್ಚಿ ಇಳಿಸಬೇಡಿ. ಒಂದು ಚಕ್ರದ ಕಡೆ ದೋಷ ಬಂದರೆ ಹೆಚ್ಚಿನ ಕುರ್ಚಿಗಳು ಅದನ್ನು ಗುರುತಿಸಿ ತಾವಾಗಿ ನಿಂತುಬಿಡುತ್ತವೆ. ನಿಲ್ಲುವುದು ಸುರಕ್ಷತೆಗಾಗಿಯೇ, ಆದರೆ ರಸ್ತೆ ನಡುವೆ ನಿಂತರೆ ಅದೇ ಅಪಾಯ.

4. ಗಾಳಿಯಲ್ಲಿರುವ ತೇವ. ಮಳೆಯಲ್ಲಿ ಒಮ್ಮೆಯೂ ಹೊರಗೆ ಹೋಗದ ಕುರ್ಚಿಯೂ ಮಲೆನಾಡಿನ ಮನೆಯೊಳಗೆ ಬೂಷ್ಟು ಹಿಡಿಯಬಹುದು. ತಾಮ್ರದ ತುದಿಗಳಲ್ಲಿ ಹಸಿರು ಪುಡಿ ಕಂಡರೆ ಅದು ತೇವದ ಕೆಲಸ.

5. ಹೊದಿಕೆಯೊಳಗಿನ ಬೆವರು. ನೆನೆದ ಕುರ್ಚಿಗೆ ಗಾಳಿಯಾಡದ ಪ್ಲಾಸ್ಟಿಕ್ ಸುತ್ತಿ ರಾತ್ರಿಯಿಡೀ ಬಿಟ್ಟರೆ, ಒಳಗಿನ ತೇವ ಹೊರಗೆ ಹೋಗಲಾಗದೆ ಹನಿಯಾಗಿ ಮತ್ತೆ ಕುರ್ಚಿಯ ಮೇಲೇ ಕೂರುತ್ತದೆ. ಪ್ಲಾಸ್ಟಿಕ್ ಸಾಕು ಎನ್ನುವ ಸಲಹೆ ಸೋಲುವುದು ಇಲ್ಲಿ.

ಒಳ್ಳೆಯ ಹೊದಿಕೆ ಹೇಗಿರಬೇಕು ಎಂದು ಮಲೆನಾಡಿನವರಿಗೆ ಬೇರೆಯವರು ಹೇಳಿಕೊಡಬೇಕಿಲ್ಲ. ಗದ್ದೆ ನಾಟಿ ಮಾಡುವಾಗ ಹಾಕಿಕೊಳ್ಳುತ್ತಿದ್ದ ಗೊರಬನ್ನು ನೆನಪಿಸಿಕೊಳ್ಳಿ. ತಲೆ, ಬೆನ್ನು ಮುಚ್ಚುತ್ತದೆ, ಕೈ ಬಿಡುವಾಗಿರುತ್ತದೆ, ಕೆಳಗೆ ತೆರೆದೇ ಇರುತ್ತದೆ, ಗಾಳಿಯಾಡುತ್ತದೆ. ಕುರ್ಚಿಯ ಹೊದಿಕೆಗೂ ಇವೇ ಗುಣ ಬೇಕು. ಮೇಲಿನಿಂದ ಮುಚ್ಚಬೇಕು, ಕೆಳಗೆ ತೆರೆದಿರಬೇಕು, ಅಂಚು ಚಕ್ರಕ್ಕೆ ಸಿಕ್ಕಿಕೊಳ್ಳಬಾರದು, ಜಾಯ್‌ಸ್ಟಿಕ್ ಅನ್ನು ಎಳೆಯಬಾರದು. ಜಾಯ್‌ಸ್ಟಿಕ್‌ಗೆ ಮಾತ್ರ ಕೈ ತೂರಿಸುವಷ್ಟು ಸಡಿಲವಾದ ಪಾರದರ್ಶಕ ಚೀಲ ಬೇರೆಯಾಗಿ ಹಾಕಿ, ಮನೆಗೆ ಬಂದ ಕೂಡಲೇ ತೆಗೆಯಿರಿ.

ಶಾಕ್ ಹೊಡೆಯುತ್ತದೆಯೇ?

ಹೆಚ್ಚಿನ ಕುರ್ಚಿಗಳಲ್ಲಿ 12 ವೋಲ್ಟ್‌ನ ಎರಡು ಬ್ಯಾಟರಿ ಸೇರಿ 24 ವೋಲ್ಟ್ ಇರುತ್ತದೆ. ನಮ್ಮ ಮನೆಯ ಗೋಡೆಯ ಸಾಕೆಟ್‌ನಲ್ಲಿ ಇರುವುದು 230 ವೋಲ್ಟ್. ಮಳೆಯಲ್ಲಿ ಕುರ್ಚಿ ಓಡಿಸುವಾಗ 24 ವೋಲ್ಟ್‌ನಿಂದ ಜೀವಕ್ಕೆ ಅಪಾಯವಾಗುವಂಥ ಶಾಕ್ ಸಾಮಾನ್ಯವಾಗಿ ಆಗುವುದಿಲ್ಲ. ಈ ಭಯಕ್ಕೆ ಯಾರನ್ನೂ ಮನೆಯೊಳಗೆ ಕೂಡಿಹಾಕಬೇಕಾಗಿಲ್ಲ.

ನಿಜವಾದ ಅಪಾಯ ಇರುವುದು ಮನೆಗೆ ಬಂದ ಮೇಲೆ, ಚಾರ್ಜರ್ ಸಿಕ್ಕಿಸುವಾಗ. ಅಲ್ಲಿ 230 ವೋಲ್ಟ್ ಇದೆ. ಒದ್ದೆ ಕುರ್ಚಿ, ಒದ್ದೆ ಕೈ, ಒದ್ದೆ ನೆಲ ಇದ್ದಾಗ ಚಾರ್ಜರ್ ಮುಟ್ಟಬೇಡಿ. ಗುಡುಗು ಸಿಡಿಲಿನ ಹೊತ್ತಲ್ಲಿ ಪ್ಲಗ್ ಕಿತ್ತಿಡಿ. ಚಾರ್ಜ್ ಮಾಡುವಾಗ ಕುರ್ಚಿಗೆ ಹೊದಿಕೆ ಇರಬಾರದು, ಏಕೆಂದರೆ ಸೀಸ-ಆಮ್ಲದ ಬ್ಯಾಟರಿ ಚಾರ್ಜ್ ಆಗುವಾಗ ಬೆಂಕಿ ಹತ್ತುವ ಹೈಡ್ರೋಜನ್ ಅನಿಲ ಹೊರಬರಬಹುದು. ಅದಕ್ಕೆ ಗಾಳಿ ಬೇಕು. ಲಿಥಿಯಂ ಬ್ಯಾಟರಿ ನೀರಿನಲ್ಲಿ ಮುಳುಗಿದ್ದರೆ ಅದನ್ನು ಮನೆಯೊಳಗೆ ಇಟ್ಟುಕೊಳ್ಳಬೇಡಿ, ಚಾರ್ಜ್ ಮಾಡಲೂಬೇಡಿ. ತಿಳಿದವರಿಂದ ಪರೀಕ್ಷೆಯಾಗಲಿ.

ಇನ್ನೊಂದು ತಪ್ಪು ತಿಳಿವಳಿಕೆ ಇದೆ. ನೆನೆದ ದಿನ ಕುರ್ಚಿ ಓಡಿತು, ಹಾಗಾಗಿ ಏನೂ ಆಗಿಲ್ಲ ಎಂದುಕೊಳ್ಳುತ್ತೇವೆ. ಶುದ್ಧ ಮಳೆನೀರಿನಲ್ಲಿ ವಿದ್ಯುತ್ ಅಷ್ಟಾಗಿ ಹರಿಯುವುದಿಲ್ಲ. ರಾಡಿ ನೀರಿನಲ್ಲಿ ಲವಣಗಳಿರುವುದರಿಂದ ಹೆಚ್ಚು ಹರಿಯುತ್ತದೆ. ಎರಡು ತಾಮ್ರದ ತುದಿಗಳ ನಡುವೆ ಅಂಥ ನೀರು ಕೂತರೆ ಸಣ್ಣ ವಿದ್ಯುತ್ ಹರಿಯುತ್ತಲೇ ಇದ್ದು ಲೋಹವನ್ನು ದಿನದಿನವೂ ತಿನ್ನುತ್ತದೆ. ಕುರ್ಚಿ ಕೈಕೊಡುವುದು ವಾರದ ಮೇಲೆ, ಬಿಸಿಲು ಬಂದ ದಿನ. ಆಗ ಮಳೆಯನ್ನು ಯಾರೂ ಅನುಮಾನಿಸುವುದಿಲ್ಲ.

ಅಕ್ಕಿ ಬೇಡ, ಹೇರ್ ಡ್ರೈಯರ್ ಬೇಡ

ಮೊಬೈಲ್ ನೆನೆದರೆ ಅಕ್ಕಿಯಲ್ಲಿಡಿ ಎಂಬ ಮಾತನ್ನು ಈಗ ಜಾಯ್‌ಸ್ಟಿಕ್‌ಗೂ ಹೇಳುವವರಿದ್ದಾರೆ. ಮುಚ್ಚಿದ ಪೆಟ್ಟಿಗೆಯೊಳಗಿನ ನೀರನ್ನು ಅಕ್ಕಿ ಎಳೆಯುವುದಿಲ್ಲ. ಬದಲಿಗೆ ಅಕ್ಕಿಯ ಹಿಟ್ಟು ಸಂದಿಗಳಿಗೆ ಸೇರಿ ತೇವದೊಂದಿಗೆ ಅಂಟಾಗುತ್ತದೆ. ಹೇರ್ ಡ್ರೈಯರ್‌ನ ಬಿಸಿಗಾಳಿ ರಬ್ಬರನ್ನು ಮೆತ್ತಗಾಗಿಸಿ, ಹನಿಗಳನ್ನು ಇನ್ನಷ್ಟು ಒಳಕ್ಕೆ ತಳ್ಳಬಹುದು. ರಾಡಿ ತೊಳೆಯಲು ಪೈಪಿನಿಂದ ಜೋರಾಗಿ ನೀರು ಬಿಡುವುದಂತೂ ಮಳೆಗಿಂತ ಕೆಟ್ಟದ್ದು.

ಕುರ್ಚಿ ನೆನೆದರೆ ಹೀಗೆ ಮಾಡಿ:

• ಕೂತವರನ್ನು ಮೊದಲು ಒಣ ಜಾಗಕ್ಕೆ ಇಳಿಸಿ. ಸ್ವಿಚ್ ಆಫ್ ಮಾಡಿ.
• ಬ್ಯಾಟರಿ ಬೇರ್ಪಡಿಸುವ ಸೌಲಭ್ಯವಿದ್ದರೆ, ಕೈಪಿಡಿಯಲ್ಲಿ ಹೇಳಿದಂತೆ ಬೇರ್ಪಡಿಸಿ.
• ಒಣ ಹತ್ತಿ ಬಟ್ಟೆಯಿಂದ ಜಾಯ್‌ಸ್ಟಿಕ್, ಕನೆಕ್ಟರ್, ಚಾರ್ಜಿಂಗ್ ರಂಧ್ರದ ಸುತ್ತ ಒತ್ತಿ ಒರೆಸಿ.
• ಫ್ಯಾನ್ ಗಾಳಿಯಲ್ಲಿ ಕನಿಷ್ಠ ಒಂದು ದಿನ ಬಿಡಿ. ಮಲೆನಾಡಿನ ತೇವದಲ್ಲಿ ಎರಡು ದಿನ ಬಿಟ್ಟರೆ ಇನ್ನೂ ಒಳ್ಳೆಯದು. ಒಲೆಯ ಹತ್ತಿರ ಇಡಬೇಡಿ.
• ಪೂರ್ತಿ ಒಣಗುವ ಮುನ್ನ ಸರಿಯಾಯಿತೇ ಎಂದು ಮತ್ತೆ ಮತ್ತೆ ಸ್ವಿಚ್ ಒತ್ತಿ ನೋಡಬೇಡಿ. ಕೆಡುವುದು ಹೆಚ್ಚಾಗಿ ಆಗಲೇ.
• ಒಣಗಿದ ಮೇಲೂ ಜಾಯ್‌ಸ್ಟಿಕ್ ಬಿಟ್ಟರೆ ಕುರ್ಚಿ ನಿಲ್ಲದಿದ್ದರೆ, ಒಂದು ಕಡೆಗೆ ಎಳೆದರೆ, ದೋಷದ ದೀಪ ಮಿನುಗಿದರೆ ರಸ್ತೆಗೆ ತರಬೇಡಿ.

ಇದೆಲ್ಲದರ ನಡುವೆ ಮರೆತುಹೋಗುವ ವಸ್ತು ದಿಂಬು. ಬೆನ್ನುಹುರಿಗೆ ಪೆಟ್ಟಾದ ಅನೇಕರಿಗೆ ಕೂತ ಜಾಗದ ಚರ್ಮದಲ್ಲಿ ಸ್ಪರ್ಶಜ್ಞಾನ ಇರುವುದಿಲ್ಲ. ಒದ್ದೆ ದಿಂಬಿನ ಮೇಲೆ ಗಂಟೆಗಟ್ಟಲೆ ಕೂತರೆ ಚರ್ಮ ಮೆತ್ತಗಾಗಿ ಒತ್ತಡದ ಹುಣ್ಣು ಆಗಬಹುದು. ನೋವೇ ಆಗದ ಕಾರಣ ಅದು ಆಳಕ್ಕೆ ಹೋಗುವವರೆಗೂ ಗೊತ್ತಾಗುವುದಿಲ್ಲ. ಗುಣವಾಗಲು ತಿಂಗಳುಗಳು ಬೇಕು, ಸೋಂಕು ಹರಡಿದರೆ ಜೀವಕ್ಕೂ ಅಪಾಯ. ಕುರ್ಚಿಗಿಂತ ಮೊದಲು ದಿಂಬು ಒಣಗಲಿ, ಮಳೆಗಾಲಕ್ಕೆ ಇನ್ನೊಂದು ಒಣ ಕವರ್ ಕೈಗೆ ಸಿಗುವಂತಿರಲಿ.

ಕೊಳ್ಳುವಾಗ ಏನು ಕೇಳಬೇಕು?

ಕುರ್ಚಿಯ ಮೇಲೆ ಅಥವಾ ಕೈಪಿಡಿಯಲ್ಲಿ ಐಪಿ ಎಂಬ ಅಕ್ಷರಗಳ ಮುಂದೆ ಎರಡು ಅಂಕಿ ಇರುತ್ತವೆ. ಉದಾಹರಣೆಗೆ ಐಪಿ 54. ಮೊದಲ ಅಂಕಿ ಧೂಳಿನದು, ಎರಡನೆಯದು ನೀರಿನದು. ಎರಡನೆಯದು 4 ಇದ್ದರೆ ಎಲ್ಲ ದಿಕ್ಕಿನಿಂದ ಎರಚುವ ನೀರನ್ನು ತಡೆಯುತ್ತದೆ ಎಂದರ್ಥ. ನೀರಿನಲ್ಲಿ ಮುಳುಗಿದರೂ ಪರವಾಗಿಲ್ಲ ಎಂದರ್ಥವಲ್ಲ. ಈ ಅಂಕಿ ಇಡೀ ಕುರ್ಚಿಗೋ ಅಥವಾ ಒಂದು ಭಾಗಕ್ಕೆ ಮಾತ್ರವೋ ಎಂದು ಕೇಳಿ. ಎಲೆಕ್ಟ್ರಿಕ್ ಗಾಲಿಕುರ್ಚಿಗಳನ್ನು ಮಳೆ, ಚಳಿ, ಸೆಕೆಯಲ್ಲಿ ಪರೀಕ್ಷಿಸಲು ಐಎಸ್‌ಒ 7176ರ 9ನೇ ಭಾಗ ಎಂಬ ಅಂತರರಾಷ್ಟ್ರೀಯ ಮಾನದಂಡವೇ ಇದೆ. ಆ ಪರೀಕ್ಷೆ ಆಗಿದೆಯೇ ಎಂದು ಕೇಳುವ ಹಕ್ಕು ಗ್ರಾಹಕರಿಗಿದೆ.

ಕೇಂದ್ರ ಸರ್ಕಾರದ ಅಲಿಮ್ಕೊ ಸಂಸ್ಥೆ ಕೊಡುವ ಬ್ಯಾಟರಿ ತ್ರಿಚಕ್ರ ಕುರ್ಚಿ ಬಳಸುವವರಿಗೂ ಮೇಲಿನ ಬಹುಪಾಲು ಮಾತು ಅನ್ವಯಿಸುತ್ತದೆ. ಜಾಯ್‌ಸ್ಟಿಕ್ ಬದಲು ಅಲ್ಲಿ ಹ್ಯಾಂಡಲ್ ಇರುತ್ತದೆ, ಅಷ್ಟೇ. ದುರಸ್ತಿ, ಹೊಸ ಕುರ್ಚಿಯ ಅರ್ಜಿ ಇತ್ಯಾದಿಗೆ ನಿಮ್ಮ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ವಿಚಾರಿಸಿ. ಮಳೆಗಾಲ ಶುರುವಾದ ಮೇಲಲ್ಲ, ಮೇ ತಿಂಗಳಲ್ಲೇ ವಿಚಾರಿಸಿ.

ಒಟ್ಟಿನಲ್ಲಿ

• ಎಲೆಕ್ಟ್ರಿಕ್ ಗಾಲಿಕುರ್ಚಿ ಮಳೆಯಲ್ಲಿ ಓಡಿಸಿದರೆ ಶಾಕ್ ಹೊಡೆದು ಸಾಯುತ್ತಾರೆ: ತಪ್ಪು. ಒದ್ದೆಯಾಗಿರುವಾಗ ಚಾರ್ಜ್ ಮಾಡುವುದು ಅಪಾಯ: ಸರಿ.
• ಪ್ಲಾಸ್ಟಿಕ್ ಸುತ್ತಿದರೆ ಸಾಕು: ತಪ್ಪು. ಗಾಳಿಯಾಡುವ ಹೊದಿಕೆ ಬೇಕು, ಹೊಂಡ ತಪ್ಪಿಸಬೇಕು.
• ಅಕ್ಕಿ ನೀರನ್ನು ಎಳೆಯುತ್ತದೆ: ತಪ್ಪು. ಗಾಳಿ ಮತ್ತು ಸಮಯ ಬೇಕು.
• ಎಲೆಕ್ಟ್ರಿಕ್ ಗಾಲಿಕುರ್ಚಿಯನ್ನು ಸ್ಟೀಫನ್ ಹಾಕಿಂಗ್ ಕಂಡುಹಿಡಿದರು: ತಪ್ಪು. ಇಂದಿನ ರೂಪ ಕೊಟ್ಟವರು ಜಾರ್ಜ್ ಕ್ಲೈನ್.

ಯಾರ ಕೈಯನ್ನೂ ಕಾಯದೆ ಹೊರಗೆ ಹೋಗಿ ಬರಲಿ ಎಂದು ಕ್ಲೈನ್ ಈ ಕುರ್ಚಿ ಮಾಡಿದರು. ಮಳೆಗಾಲದಲ್ಲಿ ಅದನ್ನು ಮೂಲೆಯಲ್ಲಿ ಮುಚ್ಚಿಟ್ಟರೆ ಅದು ಮತ್ತೆ ಹಳೆಯ ಮರದ ಕುರ್ಚಿಯೇ ಆಗುತ್ತದೆ. ನಿಮ್ಮ ಊರಿನಲ್ಲಿ, ನಿಮ್ಮ ಕುಟುಂಬದಲ್ಲಿ ಬ್ಯಾಟರಿ ಗಾಲಿಕುರ್ಚಿ ಬಳಸುವವರು ಇದ್ದರೆ ಅವರಿಗೆ ಇದನ್ನು ಕಳಿಸಿ. ಅವರ ಮನೆಯ ಬಾಗಿಲಿನಿಂದ ರಸ್ತೆಯವರೆಗಿನ ದಾರಿಯಲ್ಲಿ ಒಂದು ಹೊಂಡ ಇದ್ದರೆ ಅದಕ್ಕೆ ಎರಡು ಬುಟ್ಟಿ ಜಲ್ಲಿ ಹಾಕಿದರೂ ಅವರ ಮಳೆಗಾಲ ಎಷ್ಟೋ ಸುಲಭವಾಗುತ್ತದೆ.